ಕೈಲ್‌ಪೊಳ್ದಿನಿಂದ ತುಲಾ ಸಂಕ್ರಮಣದವರೆಗೆ: ಕೊಡಗಿನ ಮಳೆ, ಮಂಜು, ಬಿಸಿಲು

ಆಗಸ್ಟ್ ತಿಂಗಳ ಕೊನೆಯ ವಾರ ಬಂತೆಂದರೆ ಕೊಡಗಿನಲ್ಲಿ ಯಾರು ಎದುರಾದರೂ ಮಾತು ಒಂದೇ ಕಡೆಗೆ ತಿರುಗುತ್ತದೆ: ಈ ಮಳೆ ಇನ್ನೆಷ್ಟು ದಿನ? ಕಾಫಿ ತೋಟದವರಿಗೆ ಮಳೆಗಾಲದ ನಂತರದ ಗೊಬ್ಬರವನ್ನು ಯಾವಾಗ ಹಾಕಬೇಕೆಂಬ ಯೋಚನೆ, ಗದ್ದೆಯವರಿಗೆ ನಾಟಿಯಾದ ಪೈರು ನೀರಿನಲ್ಲಿ ನಿಂತು ಹಾಳಾಗದಿರಲಿ ಎಂಬ ಹಾರೈಕೆ, ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಕೆಳಗೆ ಮನೆ ಕಟ್ಟಿಕೊಂಡವರಿಗೆ ರಾತ್ರಿಯ ನಿದ್ದೆಯದೇ ಚಿಂತೆ. ಮೈಸೂರು, ಬೆಂಗಳೂರಿನಲ್ಲಿರುವ ನೆಂಟರ ಮಕ್ಕಳು ಫೋನ್ ಮಾಡಿ, "ಮಾವ, ದಸರಾ ರಜೆಗೆ ಬಂದರೆ ಬಿಸಿಲು ಸಿಗುತ್ತದಾ?" ಎಂದು ಕೇಳುವುದೂ ಇದೇ ಹೊತ್ತಿಗೆ. ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ಮೂರನೇ ವಾರದವರೆಗಿನ ಈ ಒಂದೂವರೆ ತಿಂಗಳಲ್ಲಿ ನಮ್ಮ ಜಿಲ್ಲೆಯ ಹವೆ ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತದೆ, ಎಲ್ಲಿ ದಾರಿ ತಪ್ಪುತ್ತದೆ, ಮುನ್ಸೂಚನೆಯನ್ನು ಓದುವಾಗ ಯಾವುದನ್ನು ನಂಬಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಮಳೆಗಾಲ ಮುಗಿಯಿತೋ ಇಲ್ಲವೋ ಎಂಬುದನ್ನು ತಾರೀಖು ಹೇಳುವುದಿಲ್ಲ, ಎರಡು ದಿನದ ಬಿಸಿಲೂ ಹೇಳುವುದಿಲ್ಲ. ಬೆಳಗಿನ ಮಂಜು ಹೇಳುತ್ತದೆ. ಆ ಮಂಜು ಎಲ್ಲಿಂದ ಬಂತು, ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಗಮನಿಸುವವರಿಗೆ ಅರ್ಧ ಮುನ್ಸೂಚನೆ ಮನೆಯಂಗಳದಲ್ಲೇ ಸಿಗುತ್ತದೆ.

ಇದು ಹೇಗೆಂದು ತಿಳಿಯಬೇಕಾದರೆ ಕಡಲಿನಿಂದಲೇ ಆರಂಭಿಸಬೇಕು. ಕೊಡಗಿಗೆ ಕಡಲ ದಂಡೆ ಇಲ್ಲದಿದ್ದರೂ ನಮ್ಮ ಹವೆ ಕಡಲಿನದೇ. ಮಾಕುಟ್ಟದ ಆಚೆ ಘಟ್ಟ ಇಳಿದರೆ ಅರಬ್ಬಿ ಸಮುದ್ರ ಹೆಚ್ಚು ದೂರವೇನಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯು ಆ ನೀರಾವಿಯನ್ನು ಹೊತ್ತು ತಂದು ನೇರವಾಗಿ ಬ್ರಹ್ಮಗಿರಿ, ತಡಿಯಂಡಮೋಳ್, ಪುಷ್ಪಗಿರಿಯ ಸಾಲಿಗೆ ಒತ್ತುತ್ತದೆ. ಹೋಗಲು ಬೇರೆ ದಾರಿಯಿಲ್ಲದ ಗಾಳಿ ಬೆಟ್ಟವನ್ನು ಏರಬೇಕಾಗುತ್ತದೆ. ಏರುವ ಗಾಳಿ ಪ್ರತಿ 100 ಮೀಟರಿಗೆ ಹೆಚ್ಚುಕಡಿಮೆ 1 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ಒಂದು ಎತ್ತರದಲ್ಲಿ ಅದರೊಳಗಿನ ಆವಿ ಹನಿಗಟ್ಟಿ ಮೋಡವಾಗುತ್ತದೆ. ಮಳೆಗಾಲದ ನಡುವೆ ಈ ಮೋಡದ ತಳ ಎಷ್ಟು ಕೆಳಗಿರುತ್ತದೆಂದರೆ, 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮಡಿಕೇರಿ ಪಟ್ಟಣ ದಿನಗಟ್ಟಲೆ ಮೋಡದ ಒಳಗೇ ಕುಳಿತಿರುತ್ತದೆ. ಜುಲೈ ತಿಂಗಳಲ್ಲಿ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಹಗಲಿನಲ್ಲೇ ಹೆಡ್‌ಲೈಟ್ ಹಾಕಿಕೊಂಡು ಹೋಗುವಾಗ ನಾವು ಮಂಜು ಎಂದು ಕರೆಯುವುದು ನಿಜಕ್ಕೂ ಮೋಡವನ್ನೇ. ಅದು ಪಡುವಣದಿಂದ ಬರುತ್ತದೆ, ಓಡುತ್ತಿರುತ್ತದೆ, ಮುಖಕ್ಕೆ ತಾಗಿದರೆ ಒದ್ದೆಯಾಗುತ್ತದೆ, ಅದರ ಹಿಂದೆಯೇ ಮಳೆಯೂ ಇರುತ್ತದೆ.

ಸೆಪ್ಟೆಂಬರ್ ಬಂದಂತೆ ಈ ಯಂತ್ರ ಸಡಿಲವಾಗತೊಡಗುತ್ತದೆ. ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ, ಉತ್ತರ ಭಾರತದ ನೆಲದ ಕಾವು ಇಳಿಯುತ್ತದೆ, ಕಡಲ ಗಾಳಿಯನ್ನು ಒಳನಾಡಿಗೆ ಎಳೆಯುತ್ತಿದ್ದ ಕಡಿಮೆ ಒತ್ತಡವೂ ದುರ್ಬಲವಾಗುತ್ತದೆ. ನಮ್ಮಲ್ಲಿ ಇದರ ಮೊದಲ ಗುರುತು ಮಳೆ ನಿಲ್ಲುವುದಲ್ಲ, ಸದ್ದು ನಿಲ್ಲುವುದು. ತಿಂಗಳುಗಟ್ಟಲೆ ಸಿಲ್ವರ್ ಓಕ್ ಮರಗಳ ತಲೆಯಲ್ಲಿ ಬಿಡದೆ ಕೇಳಿಸುತ್ತಿದ್ದ ಗಾಳಿಯ ಮೊರೆತ ಒಂದು ಸಂಜೆ ಇರುವುದಿಲ್ಲ. ಅದಾದ ಮೇಲೆ ಮೋಡದ ತಳ ಮೇಲೇರುತ್ತದೆ, ಮಧ್ಯಾಹ್ನ ಎರಡು ಮೂರು ಗಂಟೆಗಳ ಕಾಲ ಮಳೆ ಬಿಟ್ಟು ಹೊಳವಾಗುತ್ತದೆ, ಎದುರು ಬೆಟ್ಟದ ತುದಿ ಕಾಣಿಸುತ್ತದೆ. ಮಡಿಕೇರಿಯಲ್ಲಿ ಸೆಪ್ಟೆಂಬರ್ ತಿಂಗಳ ಮಳೆ ಜುಲೈ ಮಳೆಯ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಅಷ್ಟಾದರೂ ಅದು ಬಯಲುಸೀಮೆಯ ಎಷ್ಟೋ ಊರುಗಳ ಮುಂಗಾರಿನ ದೊಡ್ಡ ಭಾಗಕ್ಕೆ ಸಮವಾದ ಮಳೆ ಎಂಬುದನ್ನು ಹೊರಗಿನಿಂದ ಬರುವವರು ನೆನಪಿಡಬೇಕು.

ಗಾಳಿ ನಿಂತು ರಾತ್ರಿ ಆಕಾಶ ತಿಳಿಯಾದ ದಿನವೇ ಎರಡನೆಯ ಬಗೆಯ ಮಂಜು ಹುಟ್ಟುತ್ತದೆ. ಮೂರು ತಿಂಗಳು ನೀರು ಕುಡಿದ ನೆಲ, ನೀರು ನಿಂತ ಗದ್ದೆ, ತುಂಬಿ ಹರಿಯುವ ತೋಡು ಇವೆಲ್ಲ ಸೇರಿ ನೆಲದ ಹತ್ತಿರದ ಗಾಳಿಯನ್ನು ತೇವದಿಂದ ತುಂಬಿರುತ್ತವೆ. ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲದ ಕಾವು ನೇರವಾಗಿ ಮೇಲಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನುದ್ದಕ್ಕೂ ಜಾರಿ ಕಣಿವೆಯಲ್ಲಿ ತಂಗುತ್ತದೆ. ಬೆಳಗಿನ ಜಾವಕ್ಕೆ ಗದ್ದೆಯ ಬಯಲು ಬಿಳಿಯಾಗಿ ತುಂಬಿರುತ್ತದೆ. ನಾಪೋಕ್ಲು ಕಡೆಯ ನಮ್ಮ ತೋಟದ ಮೇಲಿನ ಅಂಚಿನಲ್ಲಿ ಬೆಳಿಗ್ಗೆ ಆರೂವರೆಗೆ ನಿಂತರೆ ಈ ಮಂಜಿನ ಮೇಲ್ಮೈ ಗೆರೆ ಎಳೆದಷ್ಟು ಸಮತಟ್ಟಾಗಿ ಕಾಣುತ್ತದೆ. ಅದರ ಮೇಲೆ ಅಡಿಕೆ ಮರಗಳ ತಲೆಗಳು ಮಾತ್ರ ಎದ್ದಿರುತ್ತವೆ, ಕೆಳಗೆ ಯಾರದೋ ಮನೆಯ ಸ್ನಾನದ ಒಲೆಯ ಹೊಗೆ ಮೇಲೇರಲಾಗದೆ ಮಂಜಿನ ಅಡಿಯಲ್ಲೇ ಅಡ್ಡಕ್ಕೆ ಹರಡಿರುತ್ತದೆ. ಎಂಟು ಗಂಟೆಗೆ ಬಿಸಿಲು ಗದ್ದೆಗೆ ಇಳಿದಾಗ ಅಂಚುಗಳು ಹರಿಯತೊಡಗುತ್ತವೆ, ಒಂಬತ್ತರ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಇಂಥ ಮಂಜು ಕಂಡ ದಿನ ಹಗಲು ಬಹುಮಟ್ಟಿಗೆ ಬಿಸಿಲಿರುತ್ತದೆ. ರಾಜಾಸೀಟಿನಿಂದಲೋ ಮಾಂದಲ್‌ಪಟ್ಟಿಯಿಂದಲೋ ನೋಡಿ ಜನರು ಚಿತ್ರ ತೆಗೆದುಕೊಳ್ಳುವುದೂ ಇದನ್ನೇ.

ಆದ್ದರಿಂದ ನಾನು ಸೆಪ್ಟೆಂಬರಿನ ಪ್ರತಿ ಬೆಳಿಗ್ಗೆ ನೋಡುವುದು ಇಷ್ಟನ್ನು. ಮಂಜು ಬೆಟ್ಟದ ಮೇಲಿದ್ದು ಕಣಿವೆ ಖಾಲಿಯಿದ್ದರೆ, ಅದು ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದರೆ, ಮುಂಗಾರು ಇನ್ನೂ ನಮ್ಮ ಮೇಲಿದೆ. ಬೆಟ್ಟದ ತಲೆ ಬೋಳಾಗಿ ಕಣಿವೆ ತುಂಬಿದ್ದರೆ ಮುಂಗಾರಿನ ಹಿಡಿತ ತಪ್ಪಿದೆ, ಕನಿಷ್ಠ ಎರಡು ಮೂರು ದಿನ ಕೆಲಸ ನಡೆಸಬಹುದು. ಎರಡೂ ಬಗೆ ಒಂದರ ಬೆನ್ನಿಗೆ ಒಂದು ಬರುತ್ತಿದ್ದರೆ ಅದು ಹೊಯ್ದಾಟದ ಕಾಲ. ಆಗ ಯಾವ ದೊಡ್ಡ ಕೆಲಸಕ್ಕೂ ಆಳುಗಳನ್ನು ಕರೆಸಿಕೊಳ್ಳದಿರುವುದು ಲೇಸು.

ಸಾಮಾನ್ಯ ವರ್ಷದಲ್ಲಿ ಹೊಯ್ದಾಟ ಎಷ್ಟು ದಿನ ನಡೆಯುತ್ತದೆ? ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ ಆಚರಿಸುವ ಕೈಲ್‌ಪೊಳ್ದು ನಾಟಿ ಕೆಲಸ ಮುಗಿದುದರ ಹಬ್ಬ. ಗದ್ದೆ ಕೆಲಸದ ಹತ್ಯಾರುಗಳಿಗೂ ಕೋವಿ, ಒಡಿಕತ್ತಿಗಳಿಗೂ ಪೂಜೆ ನಡೆಯುವ ದಿನ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಆ ಹೊತ್ತಿಗೆ ಪುಬ್ಬ ಮಳೆ ನಡೆಯುತ್ತಿರುತ್ತದೆ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ನಂತರ ಚಿತ್ತೆ, 24ರ ಹೊತ್ತಿಗೆ ಸ್ವಾತಿ ಎಂದು ಲೆಕ್ಕ ಸಾಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ನೈಋತ್ಯ ಮಾರುತವು ರಾಜಸ್ಥಾನದ ಪಶ್ಚಿಮ ಭಾಗದಿಂದ ಹಿಂದೆ ಸರಿಯಲು ಆರಂಭಿಸುವ ಸಾಮಾನ್ಯ ದಿನ ಸೆಪ್ಟೆಂಬರ್ 17, ದೇಶದಿಂದಲೇ ಪೂರ್ತಿ ಹಿಂದೆ ಸರಿಯುವುದು ಅಕ್ಟೋಬರ್ 15. 2020ರಲ್ಲಿ ಈ ತಾರೀಖುಗಳನ್ನು ಪರಿಷ್ಕರಿಸುವವರೆಗೆ ಆರಂಭದ ದಿನ ಸೆಪ್ಟೆಂಬರ್ 1 ಆಗಿತ್ತು. ಅಂದರೆ ಮಳೆಗಾಲ ಹಿಂದಿಗಿಂತ ತಡವಾಗಿ ತೆರಳುತ್ತಿದೆ ಎಂಬುದನ್ನು ಇಲಾಖೆಯೇ ಲೆಕ್ಕಕ್ಕೆ ತೆಗೆದುಕೊಂಡಿದೆ. ವಾಪಸಾತಿಯ ಗೆರೆ ಕೊಡಗನ್ನು ದಾಟುವುದು ಕೊನೆಯ ಹಂತದಲ್ಲಿ. ಟಿವಿಯಲ್ಲಿ "ಮುಂಗಾರು ವಾಪಸಾತಿ ಆರಂಭ" ಎಂಬ ಸುದ್ದಿ ಕೇಳಿದ ದಿನ ನಮ್ಮಲ್ಲಿ ಕೊಡೆ ಮಡಚಿಡುವ ಅಗತ್ಯವಿಲ್ಲ. 2019ರಲ್ಲಿ ಆ ಆರಂಭವೇ ಅಕ್ಟೋಬರ್ 9ರವರೆಗೆ ಮುಂದೆ ಹೋಗಿತ್ತು, ಆ ವರ್ಷದ ಸೆಪ್ಟೆಂಬರ್ ದೇಶದಾದ್ಯಂತ ಅಪರೂಪದ ಮಳೆಯ ತಿಂಗಳಾಗಿತ್ತು. ಅದರ ಹಿಂದಿನ 2018ರಲ್ಲಿ ಆಗಸ್ಟ್ ನಮ್ಮನ್ನು ಮುಳುಗಿಸಿ, ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಘಟ್ಟದ ಎಷ್ಟೋ ಕಡೆ ಮಳೆ ದಿಢೀರನೆ ಕೈಕೊಟ್ಟಿತು. ಬೆನ್ನು ಬೆನ್ನಿಗೆ ಬಂದ ಎರಡು ವರ್ಷಗಳ ನಡುವೆಯೇ ಇಷ್ಟು ಅಂತರವಿರುವಾಗ "ಹೋದ ವರ್ಷ ಈ ಹೊತ್ತಿಗೆ ನಿಂತಿತ್ತು" ಎಂಬ ಮಾತಿನ ಮೇಲೆ ಯಾರೂ ಕೆಲಸ ಹಮ್ಮಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಿಲ್ಲೆಗೆಲ್ಲ ಒಂದೇ ಮುನ್ಸೂಚನೆ ಕೊಡುವುದರಲ್ಲೂ ಒಂದು ತೊಡಕಿದೆ. ಭಾಗಮಂಡಲದಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಎರಡು ಗಂಟೆಯ ದಾರಿ. ಆದರೆ ವರ್ಷದ ಮಳೆಯಲ್ಲಿ ಎರಡಕ್ಕೂ ಹಲವು ಪಟ್ಟು ವ್ಯತ್ಯಾಸ. ಪಡುವಣ ಸಾಲು ಮೋಡದ ನೀರನ್ನು ಹಿಂಡಿಕೊಂಡ ಮೇಲೆ ಉಳಿದದ್ದು ಮಡಿಕೇರಿಗೆ, ಅದರಲ್ಲೂ ಉಳಿದದ್ದು ಸುಂಟಿಕೊಪ್ಪ, ಕುಶಾಲನಗರ, ಶನಿವಾರಸಂತೆ ಕಡೆಗೆ. ಸೆಪ್ಟೆಂಬರಿನಲ್ಲಿ ಪಡುವಣ ಗಾಳಿ ದುರ್ಬಲವಾದಾಗ ಈ ಅಂತರ ಇನ್ನಷ್ಟು ಎದ್ದು ಕಾಣುತ್ತದೆ: ತಲಕಾವೇರಿಯಲ್ಲಿ ಜಿಟಿಜಿಟಿ ಸುರಿಯುತ್ತಿರುವ ಹೊತ್ತಿನಲ್ಲೇ ಕುಶಾಲನಗರದವರು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿರುತ್ತಾರೆ. ಅಕ್ಟೋಬರಿನಲ್ಲಿ ಇದು ಬಹಳ ಸಲ ತಿರುವುಮುರುವಾಗುತ್ತದೆ. ಮಧ್ಯಾಹ್ನದ ಕಾವಿಗೆ ಹುಟ್ಟುವ ಗುಡುಗು ಮಳೆಗೆ ಪಡುವಣ ಮೂಡಣ ಎಂಬ ಭೇದವಿಲ್ಲ, ಒಳನಾಡಿನ ಕಡೆಯಿಂದಲೇ ಅದು ಏರಿ ಬರುವುದೂ ಉಂಟು. "ಕೊಡಗು ಜಿಲ್ಲೆಯಲ್ಲಿ ಭಾರಿ ಮಳೆ" ಎಂಬ ಒಂದು ಸಾಲನ್ನು ಪೊನ್ನಂಪೇಟೆಯವರೂ ಸೋಮವಾರಪೇಟೆಯವರೂ ಒಂದೇ ರೀತಿ ಓದಬಾರದು.

ಬಣ್ಣದ ಎಚ್ಚರಿಕೆಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ತೋಟದವರು ಇನ್ನೂ ಮಳೆಯನ್ನು ಇಂಚಿನಲ್ಲಿ, ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಪಾಲಿನಲ್ಲಿ) ಬರೆದಿಡುತ್ತಾರೆ, ಇಲಾಖೆ ಮಿಲಿಮೀಟರಿನಲ್ಲಿ ಮಾತಾಡುತ್ತದೆ. ಇಲಾಖೆಯ ಅಳತೆಯಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ನಮ್ಮ ಲೆಕ್ಕದಲ್ಲಿ ಇವು ಕ್ರಮವಾಗಿ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳು ಸ್ಥೂಲವಾಗಿ ಈ ಮೆಟ್ಟಿಲುಗಳಿಗೆ ಹೊಂದುತ್ತವೆ. ಜುಲೈನಲ್ಲಿ ಎರಡೂವರೆ ಇಂಚು ಬಂದರೆ ಭಾಗಮಂಡಲದಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಸೆಪ್ಟೆಂಬರಿನ ಹಳದಿ ಎಚ್ಚರಿಕೆಯನ್ನು ಹಗುರವಾಗಿ ಕಾಣಬಾರದೆಂದು ನಾನು ಒತ್ತಿ ಹೇಳುತ್ತೇನೆ. ಕಾರಣವನ್ನು ಬರೆಯ ವಿಷಯಕ್ಕೆ ಬಂದಾಗ ವಿವರಿಸುತ್ತೇನೆ. ಮಳೆಮಾಪಕ ಇಟ್ಟುಕೊಂಡವರು ಬೆಳಿಗ್ಗೆ 8:30ಕ್ಕೆ ಅಳೆಯುವ ಅಭ್ಯಾಸ ಮಾಡಿಕೊಂಡರೆ ಇಲಾಖೆಯ ಅಂಕಿಗಳೊಡನೆ ಹೋಲಿಸಲು ಅನುಕೂಲ, ಏಕೆಂದರೆ ಅವರ ದಿನ ಆರಂಭವಾಗುವುದೂ ಮುಗಿಯುವುದೂ ಆ ಹೊತ್ತಿಗೆ. ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈಯ ನಡುವಿನ ತಗ್ಗು ಯಾವ ಗೆರೆಯಲ್ಲಿದೆ ಎಂದು ಓದಬೇಕೇ ಹೊರತು ಗಾಜಿಗೆ ಅಂಟಿ ಮೇಲೆದ್ದಿರುವ ಅಂಚನ್ನಲ್ಲ. ಪ್ರತಿ ಸಲ ಆಗುವ ಈ ಸಣ್ಣ ತಪ್ಪು ತಿಂಗಳ ಮೊತ್ತದಲ್ಲಿ ಸಣ್ಣದಾಗಿ ಉಳಿಯುವುದಿಲ್ಲ.

ಮುಂದಿನ ಒಂದೆರಡು ದಿನಕ್ಕೆ ಇಲಾಖೆಯ ಮುನ್ಸೂಚನೆ ಈಗ ಸಾಕಷ್ಟು ನಂಬಿಕೆಗೆ ಯೋಗ್ಯವಾಗಿದೆ. ಪಂಚಾಯಿತಿ ಮಟ್ಟದ ಮಳೆಯ ಅಂಕಿಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಸಿಗುತ್ತವೆ. ಎರಡು ವಾರದಿಂದಾಚೆಗೆ ನೋಡಬೇಕೆಂದರೆ ಇಲಾಖೆ ಪ್ರತಿ ಗುರುವಾರ ಹೊರಡಿಸುವ, ನಾಲ್ಕು ವಾರಗಳ ವಿಸ್ತೃತ ಮುನ್ನೋಟವಿದೆ. ಅದರಲ್ಲಿ ದಿನ ಹುಡುಕಬಾರದು, ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬ ಒಲವನ್ನಷ್ಟೇ ನೋಡಬೇಕು. ಇಡೀ ಋತುವಿನ ಒಲವಿಗೆ ದೂರದ ಸಾಗರಗಳನ್ನು ನೋಡಬೇಕಾಗುತ್ತದೆ. ಶಾಂತ ಸಾಗರ ಬಿಸಿಯೇರುವ ಎಲ್ ನಿನೋ ವರ್ಷಗಳಲ್ಲಿ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚು, ಆದರೆ ದಕ್ಷಿಣದ ತುದಿಯ ರಾಜ್ಯಗಳಲ್ಲಿ ಹಿಂಗಾರು ಚುರುಕಾಗುವ ಒಲವಿರುತ್ತದೆ. 2023ರ ಎಲ್ ನಿನೋ ವರ್ಷದ ಆಗಸ್ಟ್ ದೇಶದ ದಾಖಲೆಗಳಲ್ಲೇ ಅತ್ಯಂತ ಒಣ ಆಗಸ್ಟ್ ಆಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬೆಚ್ಚಗಿರುವ ವರ್ಷ, ಉದಾಹರಣೆಗೆ 2019, ಮಳೆಗಾಲದ ಕೊನೆಯೂ ಹಿಂಗಾರೂ ಭಾರವಾಗಬಹುದು. ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದುದನ್ನು ಇಲ್ಲಿ ನೆನೆಯಬಹುದು. ಇವೆಲ್ಲ ಒಲವುಗಳು. ನಾಪೋಕ್ಲಿನಲ್ಲಿ ಬುಧವಾರ ಬಿಸಿಲಿದೆಯೇ ಎಂಬ ಪ್ರಶ್ನೆಗೆ ಶಾಂತ ಸಾಗರ ಉತ್ತರ ಕೊಡುವುದಿಲ್ಲ.

ಉಷ್ಣಾಂಶದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮಡಿಕೇರಿಯಲ್ಲಿ ಸೆಪ್ಟೆಂಬರಿನ ಹಗಲು 22–24 ಡಿಗ್ರಿ, ರಾತ್ರಿ 16–17 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕುಶಾಲನಗರದ ಹಗಲು ಇದಕ್ಕಿಂತ ಬೆಚ್ಚಗೆ. ಹೊಳವಾದ ದಿನಗಳ ಬಿಸಿಲು ಮಾತ್ರ ಚುರುಗುಟ್ಟುತ್ತದೆ, ತೊಳೆದ ಗಾಳಿಯಲ್ಲಿ ಅದನ್ನು ತಡೆಯುವ ಧೂಳಿರುವುದಿಲ್ಲ.

ಇನ್ನು ತೋಟದ ವಿಷಯ. ನನಗೆ ಈ ಇಡೀ ಲೆಕ್ಕಾಚಾರ ಮುಖ್ಯವಾಗುವುದು ಇಲ್ಲಿಯೇ. ಓಡುವ ಮಂಜು ಮಳೆಮಾಪಕಕ್ಕೆ ಸಿಗುವುದಿಲ್ಲ. ಬಯಲಿನಲ್ಲಿಟ್ಟ ಮಾಪಕದಲ್ಲಿ ಹತ್ತು ಸೆಂಟ್ಸ್ ಕೂಡ ಇರುವುದಿಲ್ಲ, ಆದರೆ ನೆರಳು ಮರಗಳ ಎಲೆ ಮಂಜನ್ನು ಹಿಡಿದು ಹನಿಯಾಗಿಸಿ ದಿನವಿಡೀ ಕಾಫಿ ಗಿಡದ ಮೇಲೆ ಸುರಿಸುತ್ತಿರುತ್ತದೆ. ಕೊಳೆ ರೋಗಕ್ಕೆ ಬೇಕಾದದ್ದು ಇದೇ: ಮಳೆಯ ರಭಸವಲ್ಲ, ಎಲೆ ಆರದೇ ಇರುವುದು. ಅರೇಬಿಕಾ ಗಿಡದ ನಡುವಿನ ಒತ್ತು ರೆಂಬೆಗಳನ್ನು ಕೈಯಿಂದ ಬಿಡಿಸಿ ನೋಡಿದರೆ, ಕಪ್ಪಾದ ಎಲೆ ಕೊಂಬೆಯಿಂದ ಕಳಚಿದ್ದರೂ ಕೆಳಗೆ ಬೀಳದೆ ಶಿಲೀಂಧ್ರದ ಲೋಳೆಯಂಥ ಎಳೆಯಲ್ಲಿ ನೇತಾಡುತ್ತಿರುವುದು ಕಾಣುತ್ತದೆ. ಅದರ ಪಕ್ಕದ ಕಾಯಿಗಳೂ ಕಪ್ಪಾಗಿ ಒಂದೊಂದೇ ಉದುರುತ್ತಿರುತ್ತವೆ. ಅಂಥ ಎಲೆಗಳನ್ನೂ, ಮರದಿಂದ ಬಿದ್ದು ಗಿಡದ ಮೇಲೆ ಸಿಕ್ಕಿಕೊಂಡ ಕಸವನ್ನೂ ಮೊದಲ ಹೊಳವಿನಲ್ಲೇ ತೆಗೆದು ಹೂಳಬೇಕು. ಗಿಡದ ನಡುವನ್ನು ಬಿಡಿಸಿ, ಕಂಬ ಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಬೇಡದ ಚಿಗುರು) ಕಿತ್ತು, ಗಾಳಿಯಾಡುವಂತೆ ಮಾಡಬೇಕು. ಬಳಿಕ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸಿಂಪಡಿಸಿದ ಮೇಲೆ ದ್ರಾವಣ ಎಲೆಯ ಮೇಲೆ ಆರಲು ಕೆಲವು ಗಂಟೆಗಳಾದರೂ ಒಣ ಹವೆ ಬೇಕು. ಕಣಿವೆಯಲ್ಲಿ ಮಂಜು ನಿಂತ ದಿನ ಒಂಬತ್ತೂವರೆ ಹೊತ್ತಿಗೆ ಎಲೆ ಆರಿದ ಮೇಲೆ ಆರಂಭಿಸಿದರೆ ಮಧ್ಯಾಹ್ನದವರೆಗೆ ಧೈರ್ಯವಾಗಿ ಕೆಲಸ ಮಾಡಬಹುದು. ಬೆಟ್ಟದಲ್ಲಿ ಮಂಜು ಓಡುತ್ತಿರುವ ದಿನ ಬ್ಯಾರಲ್ಲಿನಲ್ಲಿ ದ್ರಾವಣ ಕಲಸುವುದೇ ವ್ಯರ್ಥ, ಅಂದಿನದನ್ನು ಅಂದೇ ಬಳಸಬೇಕಾದ ದ್ರಾವಣವದು.

ರೊಬಸ್ಟಾದವರ ಕಷ್ಟ ಬೇರೆ. ಬೇರಿನ ಬುಡದಲ್ಲಿ ನೀರು ಬಸಿಯದೆ ನಿಂತರೆ ಕಾಯಿಯ ತೊಟ್ಟು ಸೋತು ಹಸಿರು ಕಾಯಿಯೇ ಉದುರುತ್ತದೆ, ಗಿಡದ ಎಲೆ ಹಳದಿಯಾಗುತ್ತದೆ. ಬಸಿಗಾಲುವೆಗಳಲ್ಲಿ ತುಂಬಿದ ಮಣ್ಣನ್ನು ಸೆಪ್ಟೆಂಬರಿನ ಮೊದಲ ಹೊಳವಿನಲ್ಲೇ ಎತ್ತಿಸುವುದು ಗೊಬ್ಬರಕ್ಕಿಂತ ಮೊದಲಿನ ಕೆಲಸ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲಿನ ಕೆಲಸವೂ ಅದೇ. ಗೊಬ್ಬರಕ್ಕೆ ನೆಲ ತೇವವಾಗಿರಬೇಕು, ಆದರೆ ಹಾಕಿದ ನಾಲ್ಕಾರು ದಿನ ತೊಳೆದುಕೊಂಡು ಹೋಗುವಂಥ ಮಳೆ ಇರಬಾರದು. ಉತ್ತರೆಯ ಕೊನೆಯಿಂದ ಹಸ್ತದ ನಡುವಿನವರೆಗೆ ಅಂಥ ದಿನಗಳು ಸಿಗುವ ಸಂಭವ ಹೆಚ್ಚು. ಬಿಸಿಲು ಬಿಟ್ಟಿತೆಂಬ ಉತ್ಸಾಹದಲ್ಲಿ ಅಕ್ಟೋಬರಿನಲ್ಲೇ ನೆರಳನ್ನು ವಿಪರೀತ ತೆಗೆಸುವವರಿದ್ದಾರೆ. ಅರೇಬಿಕಾದ ಬಿಳಿ ಕಾಂಡಕೊರಕದ ದುಂಬಿ ಮಳೆಗಾಲದ ನಂತರ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಾರಾಡುತ್ತದೆ, ಬಿಸಿಲು ಬೀಳುವ ಕಾಂಡವೇ ಅದಕ್ಕೆ ಪ್ರಿಯ. ಆ ಹೊತ್ತಿನಲ್ಲಿ ನೆರಳು ಬೋಳಿಸಿದರೆ ಕೀಟಕ್ಕೆ ನಾವೇ ಜಾಗ ತೋರಿಸಿದಂತಾಗುತ್ತದೆ. ಕರಿಮೆಣಸಿನ ಬಳ್ಳಿಯ ಎಲೆಯಲ್ಲಿ ಕಪ್ಪು ಕಲೆ ಮೂಡಿ ದಿಢೀರನೆ ಎಲೆ ಉದುರತೊಡಗಿದರೆ ಶೀಘ್ರ ಸೊರಗು ರೋಗದ ಅನುಮಾನ ಬರಬೇಕು. ಅದೂ ನೀರು ನಿಂತ ಬುಡದಿಂದಲೇ ಹಬ್ಬುವ ರೋಗ. ಗದ್ದೆಯಲ್ಲಿ ಇದಕ್ಕೆ ತಿರುವುಮುರುವಾದ ಅಪಾಯವಿದೆ. ನಾನು ಇಷ್ಟು ಹೊತ್ತು ಒಳ್ಳೆಯದೆಂದು ಹೇಳಿದ ನಿಂತ ಮಂಜು, ತಂಪು ರಾತ್ರಿ, ಹತ್ತು ಗಂಟೆಯವರೆಗೂ ಆರದ ಇಬ್ಬನಿ ಇವು ಭತ್ತದ ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ತೆನೆ ಹೊರಡುವ ಕಾಲದಲ್ಲಿ ಅದು ಕುತ್ತಿಗೆಗೆ ಬಂದರೆ ಸುಗ್ಗಿ ಹಬ್ಬವಾದ ಹುತ್ತರಿಗೆ ಜೊಳ್ಳು ಕದಿರೇ ಗತಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಾಗಲಿ ಕೃಷಿ ಇಲಾಖೆಯವರಾಗಲಿ ಕೊಡುವ ಸಲಹೆಯನ್ನು ಸಕಾಲದಲ್ಲಿ ಕೇಳಿ ನಡೆಯುವುದು ಒಳ್ಳೆಯದು.

ಬರೆಯ ವಿಷಯಕ್ಕೆ ಬರುತ್ತೇನೆ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲದಲ್ಲಿ ಬೆಟ್ಟಗಳೇ ಜಾರಿದುದನ್ನು, 2019ರ ಆಗಸ್ಟ್‌ನಲ್ಲಿ ತೋರದಲ್ಲಿ ಆದುದನ್ನು, 2020ರ ಆಗಸ್ಟ್ 6ರಂದು ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬ ಸಿಲುಕಿದುದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಮೂರೂ ಆಗಸ್ಟ್ ತಿಂಗಳಲ್ಲೇ ನಡೆದುದರಿಂದ, ಆಗಸ್ಟ್ ದಾಟಿದರೆ ಗೆದ್ದೆವೆಂಬ ಭಾವನೆ ನಮ್ಮಲ್ಲಿ ಬೆಳೆದಿದೆ. ಈ ಭಾವನೆ ನನ್ನನ್ನು ಕಳವಳಗೊಳಿಸುತ್ತದೆ. ಮಳೆ ಕಡಿಮೆಯಾದ ದಿನವೇ ಬೆಟ್ಟದ ಒಳಗಿನ ನೀರು ಕಡಿಮೆಯಾಗುವುದಿಲ್ಲ. ಮೂರು ತಿಂಗಳು ಇಂಗಿದ ನೀರು ಮಣ್ಣಿನ ಸಂದಿಗಳನ್ನೆಲ್ಲ ತುಂಬಿಕೊಂಡಿರುವಾಗ ಮಣ್ಣಿನ ಹಿಡಿತ ಸಡಿಲವಾಗಿರುತ್ತದೆ, ತೂಕ ಹೆಚ್ಚಾಗಿರುತ್ತದೆ. ಜೂನ್ ಆರಂಭದಲ್ಲಿ ನಾಲ್ಕು ಇಂಚನ್ನು ಹೀರಿಕೊಂಡು ಸುಮ್ಮನಿದ್ದ ಬರೆಯೇ ಸೆಪ್ಟೆಂಬರಿನಲ್ಲಿ ಎರಡೂವರೆ ಇಂಚಿಗೆ ಬಿಟ್ಟುಕೊಡಬಹುದು. ಹಳದಿ ಎಚ್ಚರಿಕೆಯನ್ನು ಹಗುರವಾಗಿ ಕಾಣಬಾರದೆಂದು ಮೇಲೆ ಹೇಳಿದ್ದು ಇದಕ್ಕೇ. ಹೊಳವಾದ ದಿನಗಳನ್ನು ಬರೆ ಪರೀಕ್ಷಿಸಲು ಬಳಸಿಕೊಳ್ಳಿ: ಮೇಲಿನ ಅಂಚಿನಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆಯೇ, ನೆಟ್ಟಗಿದ್ದ ಮರವೋ ಕರೆಂಟ್ ಕಂಬವೋ ವಾಲಿದೆಯೇ, ತಿಳಿಯಾಗಿ ಹರಿಯುತ್ತಿದ್ದ ಒರತೆ ಕೆಂಪಾಗಿದೆಯೇ ಅಥವಾ ಇದ್ದಕ್ಕಿದ್ದಂತೆ ನಿಂತಿದೆಯೇ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿದೆಯೇ ಎಂದು ನೋಡಿ. ಇವುಗಳಲ್ಲಿ ಒಂದು ಕಂಡರೂ ಪಂಚಾಯಿತಿಗೆ ತಿಳಿಸಿ, ರಾತ್ರಿ ಬೇರೆಡೆ ಮಲಗಿ. ಬಿರುಕನ್ನು ಪ್ಲಾಸ್ಟಿಕ್ ಹೊದಿಸಿ ಮುಚ್ಚಿದರೆ ಮೇಲಿನ ನೀರು ಒಳಗಿಳಿಯುವುದು ತಪ್ಪೀತು, ಆದರೆ ಅದರ ಕೆಳಗೆ ಮಲಗುವ ಧೈರ್ಯವನ್ನು ಪ್ಲಾಸ್ಟಿಕ್ ಕೊಡಬಾರದು. ಜೆಸಿಬಿ ತರಿಸಿ ಮನೆಯ ಹಿಂದಿನ ಬರೆ ಕಡಿಸುವ ಕೆಲಸವನ್ನು ನೆಲ ಆರುವವರೆಗೆ, ಅಂದರೆ ಜನವರಿಯವರೆಗಾದರೂ, ಮುಂದೂಡುವುದು ಒಳಿತು.

ರಸ್ತೆಯ ಮಾತು ಚಿಕ್ಕದು. ಮದೆನಾಡಿನಿಂದ ಸಂಪಾಜೆಯವರೆಗಿನ ಘಾಟಿಯಲ್ಲಿ, ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ದಾರಿಯಲ್ಲಿ ಓಡುವ ಮಂಜು ಯಾವ ಹೊತ್ತಿನಲ್ಲೂ ಮುತ್ತಬಹುದು. ನಿಂತ ಮಂಜು ಬೆಳಗಿನ ಜಾವದಿಂದ ಒಂಬತ್ತರವರೆಗೆ ಕಣಿವೆ ದಾಟುವ ಸೇತುವೆಗಳ ಹತ್ತಿರ ದಟ್ಟವಾಗಿರುತ್ತದೆ. ಹೈಬೀಮ್ ಹಾಕಿದರೆ ಬೆಳಕು ಮಂಜಿನಿಂದ ಮರಳಿ ಕಣ್ಣಿಗೇ ಬೀಳುತ್ತದೆ, ಲೋಬೀಮ್ ಸಾಕು. ಸಿದ್ದಾಪುರ, ತಿತಿಮತಿ ಕಡೆ ಬೆಳಿಗ್ಗೆ ತೋಟಕ್ಕೆ ನಡೆದು ಹೋಗುವ ಕೆಲಸದವರಿಗೆ ಮಂಜಿನಲ್ಲಿ ಆನೆ ಹತ್ತಿರ ಬಂದರೂ ಕಾಣಿಸುವುದಿಲ್ಲ. ಈ ಒಂದೂವರೆ ತಿಂಗಳು ಅಲ್ಲಿ ಕೆಲಸದ ವೇಳೆಯನ್ನು ಮಂಜು ಕರಗಿದ ಮೇಲಕ್ಕೆ ಸರಿಸುವುದು ತೋಟದ ಮಾಲೀಕರ ಕರ್ತವ್ಯ ಎಂದೇ ನಾನು ಭಾವಿಸುತ್ತೇನೆ, ಕೂಲಿ ಕಡಿತ ಮಾಡದೆ.

ದಸರಾಕ್ಕೆ ಬರುವವರಿಗೆ ಹೇಳಬಹುದಾದದ್ದು: ಹಬ್ಬ ಸೆಪ್ಟೆಂಬರ್ ಕೊನೆಗೆ ಬಿದ್ದ ವರ್ಷ ಜರ್ಕಿನ್ ಮತ್ತು ಕೊಡೆ ಎರಡೂ ಬೇಕು, ಅಕ್ಟೋಬರ್ ನಡುವಿಗೆ ಬಿದ್ದರೆ ಬೆಳಗ್ಗೆ ಬಿಸಿಲು, ಸಂಜೆ ಒಂದು ಸುತ್ತು ಗುಡುಗು ಮಳೆ ಎಂದು ಎಣಿಸಿಕೊಳ್ಳಬೇಕು. ಮಡಿಕೇರಿಯ ದಶಮಂಟಪಗಳ ಶೋಭಾಯಾತ್ರೆ ರಾತ್ರಿಯಿಡೀ ನಡೆಯುವಂಥದ್ದು. ಮಳೆ ಇಲ್ಲದಿದ್ದರೂ ನಡುರಾತ್ರಿಯ ಇಬ್ಬನಿಗೆ ಮೈ ಒದ್ದೆಯಾಗುತ್ತದೆ, ಮಕ್ಕಳ ತಲೆಗೆ ಟೋಪಿ ಇರಲಿ. ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗುವವರು ಇನ್ನೂ ಎಚ್ಚರದಿಂದಿರಬೇಕು. 1,270 ಮೀಟರಿಗೂ ಮೇಲಿರುವ ಆ ಕ್ಷೇತ್ರದಲ್ಲಿ ಭಾಗಮಂಡಲದ ತಿಳಿ ಆಕಾಶವನ್ನು ನಂಬಿ ಹೊರಟವರಿಗೆ ಎಂಟು ಕಿಲೋಮೀಟರ್ ಮೇಲೆ ಗಾಳಿಯೂ ಮಂಜೂ ಎದುರಾಗುವುದುಂಟು. ತೀರ್ಥೋದ್ಭವದ ಮುಹೂರ್ತ ರಾತ್ರಿಗೋ ಬೆಳಗಿನ ಜಾವಕ್ಕೋ ಬಂದರೆ ಚಳಿ ಗಟ್ಟಿಯಾಗಿಯೇ ಇರುತ್ತದೆ.

ಸಂಕ್ರಮಣದ ಹೊತ್ತಿಗೆ ಚಿತ್ತೆ ನಡೆಯುತ್ತಿರುತ್ತದೆ. ಚಿತ್ತೆಯದು ಕುರುಡು ಮಳೆ ಎಂಬ ಹಿರಿಯರ ಮಾತು ಗುಡುಗು ಮಳೆಯ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ತೋಟಕ್ಕೆ ಎರಡು ಇಂಚು ಹೊಯ್ದು, ರಸ್ತೆಯಾಚೆಯ ತೋಟದ ಎಲೆಯನ್ನೂ ನೆನೆಸದೆ ಹೋಗುತ್ತದೆ. ಬೆಳಿಗ್ಗೆ ಕಣಿವೆಯ ಮಂಜು, ಹನ್ನೊಂದರವರೆಗೆ ಸುಡು ಬಿಸಿಲು, ಮಧ್ಯಾಹ್ನ ಎರಡಕ್ಕೆ ಹೂಕೋಸಿನಂತೆ ಉಬ್ಬುವ ಮೋಡ, ನಾಲ್ಕಕ್ಕೆ ಸಿಡಿಲು ಎಂಬುದು ಈ ವಾರಗಳ ಬಹುತೇಕ ದಿನಗಳ ಕ್ರಮ. ಸಿಡಿಲಿನ ಸಾವುಗಳು ಹೆಚ್ಚಾಗಿ ಬಯಲಿನಲ್ಲೂ ಒಂಟಿ ಮರದ ಕೆಳಗೂ ಆಗುವುದರಿಂದ, ಮೊದಲ ಗುಡುಗಿಗೇ ಅಲ್ಯೂಮಿನಿಯಂ ಏಣಿ ಇಳಿಸಿ ಮರಗಸಿಯವರನ್ನು (ನೆರಳು ಮರದ ಕೊಂಬೆ ಕಡಿಯುವವರನ್ನು) ಒಳಗೆ ಕರೆಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ತಕ್ಕಮಟ್ಟಿಗೆ ಮೊದಲೇ ತಿಳಿಸುತ್ತದೆ. ಸೂಪರ್‌ವೈಸರ್ ಫೋನಿನಲ್ಲಿ ಅದಿರಲಿ.

ಅಕ್ಟೋಬರ್ 20ರ ನಂತರ ಈಶಾನ್ಯದ ಗಾಳಿ ಬೀಸತೊಡಗಿ ಹಿಂಗಾರು ಆರಂಭವಾಗುತ್ತದೆ. ನಮಗೆ ಅದರ ಪಾಲು ತಮಿಳುನಾಡಿನಷ್ಟು ದೊಡ್ಡದಲ್ಲ, ಆದರೆ ಬಂಗಾಳ ಕೊಲ್ಲಿಯಲ್ಲಿ ಏಳುವ ಒಂದೊಂದು ವಾಯುಭಾರ ಕುಸಿತವೂ ಎರಡು ಮೂರು ದಿನದ ಮೋಡ, ಸೋನೆಯನ್ನು ಇಲ್ಲಿಯವರೆಗೆ ತಲುಪಿಸುತ್ತದೆ. ಅರೇಬಿಕಾ ಹಣ್ಣಾಗುವ ನವೆಂಬರಿನಲ್ಲಿ ಇದು ಬಂದರೆ ಎಷ್ಟು ನಷ್ಟ ಎಂಬುದನ್ನು 2021ರ ನವೆಂಬರ್ ತೋರಿಸಿತು. ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕೊಯ್ದದ್ದು ಕಣದಲ್ಲಿ ಒಣಗಲಿಲ್ಲ. ಆದ್ದರಿಂದ ಕಣದ ಸಿಮೆಂಟ್ ಬಿರುಕು ಮುಚ್ಚಿಸುವುದು, ನೀರು ಹೋಗುವ ಇಳಿಜಾರನ್ನು ಸರಿಪಡಿಸುವುದು, ಟಾರ್ಪಾಲುಗಳನ್ನು ಬಿಡಿಸಿ ಇಲಿ ಕಡಿದ ತೂತುಗಳಿಗೆ ತೇಪೆ ಹಾಕುವುದು ಇವನ್ನೆಲ್ಲ ಹಸ್ತ ಮಳೆಯ ಹೊಳವಿನಲ್ಲೇ ಮುಗಿಸಿಕೊಳ್ಳಿ. ಸಣ್ಣ ಬೆಳೆಗಾರರು ನಾಲ್ಕೈದು ಮನೆಯವರು ಸೇರಿ ಒಂದು ಡ್ರೈಯರನ್ನು ಬಾಡಿಗೆಗೆ ಗೊತ್ತು ಮಾಡಿಕೊಳ್ಳುವ ಮಾತುಕತೆಯನ್ನೂ ತುಲಾ ಸಂಕ್ರಮಣಕ್ಕೆ ಮೊದಲೇ ನಡೆಸಿದರೆ ಒಳ್ಳೆಯದು, ಮೋಡ ಕವಿದ ಮೇಲೆ ಡ್ರೈಯರ್ ಇರುವವರ ಮನೆಯ ಮುಂದೆ ಸಾಲು ಬೆಳೆಯುತ್ತದೆ.